ಕಪ್ಪೆಗದ್ದದ ಬಣ್ಣ

ಚಂತಬುರಿ
ಬುದ್ಧಶಕ 2534, ನವೆಂಬರ್ 9

ತವಿಲಣ್ಣಾ,

ಬಂತು! ಬಂತು ಕಣಣ್ಣ, ಬಂತು! ಹನ್ನೊಂದನೇ ಕುಂಡದಲ್ಲಿ, ನಡು ಎಲೆಗಳ ಸಂದಿಯಲ್ಲಿ, ಕಿರುಬೆರಳ ಉಗುರಿನಷ್ಟು ಹಸಿರು ಪೊರೆ ಇಣುಕಿದೆ. ಹೊಸ ಎಲೆ ಇರಬೇಕು ಅಂತ ಮೊದಲು ಸುಮ್ಮನಿದ್ದೆ. ನಾಲ್ಕು ದಿನ ನೋಡಿದೆ. ಎಲೆ ಅಲ್ಲ, ಮೊಗ್ಗಿನ ಪೊರೆ! ಅಂಗಡಿಯಲ್ಲಿ ಶಾವಿಗೆ ಕುದಿಯೋಕೆ ಇಟ್ಟಿದ್ದವಳು ಅದನ್ನು ಹಾಗೇ ಬಿಟ್ಟು ಹಿತ್ತಲಲ್ಲಿ ಕುಣಿದುಬಿಟ್ಟೆ. ಶಾವಿಗೆ ಗಂಜಿಯಾಯಿತು. ಗಿರಾಕಿಗಳಿಗೆ ಅದನ್ನೇ ಬಡಿಸಿ, "ಇವತ್ತು ಹಬ್ಬ, ಬಾಯಿ ಮುಚ್ಚಿಕೊಂಡು ತಿನ್ನಿ" ಅಂದೆ.

ಐದು ವರ್ಷವಾಯಿತಲ್ಲ! ನನ್ನ ಬಿಳಿ ಕಪ್ಪೆಗದ್ದ ಆರ್ಕಿಡ್ ಹೂ ಬಿಟ್ಟಿತ್ತು, ಅದರ ಪರಾಗ ಅದಕ್ಕೇ ಹಾಕಿ ಎರಡು ಸಲ ಕಾಯಿ ಒಣಗಿ ಬಿದ್ದಿತ್ತು. ಬೇರೆ ಬಿಳಿ ಗಿಡದ ಪರಾಗ ಬೇಕಿತ್ತು. ನಾನು ಬಲ್ಲ ಇನ್ನೊಂದು ಬಿಳಿ ಅಂದರೆ ಲಂಪಾಂಗಿನ ನಿಮ್ಮ ಮನೆಯದು ಮಾತ್ರ. ಕೇಳಿದ ಹದಿನೈದೇ ದಿನಕ್ಕೆ ನಿಮ್ಮ ಕಾಗದ ಬಂತು. ಒಳಗೆ ಜ್ಯೂಸ್ ಕುಡಿಯೋ ಕೊಳವೆಯ ಒಂದಂಗುಲ ತುಂಡು, ಎರಡೂ ತುದಿಗೆ ಹತ್ತಿ ತುರುಕಿದ್ದು, ನಡುವೆ ಅಂಟಂಟು ಹಳದಿ ಪರಾಗ. ಫ್ರಿಜ್ಜಿನಲ್ಲಿ ಸಿಗಡಿ ಚಟ್ನಿ ಡಬ್ಬಿಯ ಪಕ್ಕ ಇಟ್ಟಿದ್ದೆ. ನಮ್ಮ ಯಜಮಾನರು ಸಂರಿತ್ ಅದನ್ನು ಎತ್ತಿ ನೋಡಿ, "ಇದೇನು, ಮೂಗಿಗೆ ಏರಿಸೋ ಔಷಧಿಯೇ?" ಅಂತ ಕೇಳಿದ್ದರು. ಆಗ ಅವರು ಇನ್ನೂ ಎದ್ದು ಓಡಾಡುತ್ತಿದ್ದರು.

ಆ ಪರಾಗದಿಂದ ಕಾಯಿ ಕಟ್ಟಿತು. ಕಾಲೇಜಿನ ವಿಪಾ ಟೀಚರ್ ಬೀಜವನ್ನು ತಮ್ಮ ಲ್ಯಾಬಿನ ಬಾಟಲಿಯಲ್ಲಿ ಮೊಳೆಸಿಕೊಟ್ಟರು. ಮೂವತ್ತೊಂದು ಸಸಿ ಉಳಿದವು. ನೀವು ಕಲಿಸಿದ ಹಾಗೆ ದಿನಾ ಬೆಳಗ್ಗೆ ಒಂದೊಂದರ ಎಲೆಯನ್ನೂ ತಿರುಗಿಸಿ ಬುಡ ನೋಡದೆ ಕಾಫಿ ಕುಡಿದವಳಲ್ಲ ನಾನು.

ತಾಯಿ ಬಿಳಿ, ಪರಾಗ ನಿಮ್ಮ ಮನೆಯದು. ಮಗುವಿನ ಬಣ್ಣ ಏನು, ಹೇಳಿ ನೋಡೋಣ!

ಇನ್ನೊಂದು. ಫೆಬ್ರವರಿ 15ರಿಂದ ಮೂರು ದಿನ ಇಲ್ಲಿ ಆರ್ಕಿಡ್ ಪ್ರದರ್ಶನ ಇದೆ. ಮೊದಲ ಹೂವು ಅಲ್ಲಿಗೇ ಹೋಗೋದು. ಹೆಸರನ್ನೂ ಇಟ್ಟಾಯಿತು: 'ತವಿಲ್'. ಬೇಡ ಅನ್ನಬೇಡಿ, ಫಲಕಕ್ಕೆ ಹೇಳಿಬಿಟ್ಟಿದ್ದೀನಿ. ನೀವು ಬರಲೇಬೇಕು.

ಹಿಗ್ಗಿ ಹೀರೇಕಾಯಿಯಾಗಿರೋ
ನಿಮ್ಮ ತಂಗಿ ಪ್ರನೋಮ್


ಲಂಪಾಂಗ್
ನವೆಂಬರ್ 24

ತಂಗಿ ಪ್ರನೋಮ್,

ಕಾಗದ ತಲುಪಿತು. ಸಂತೋಷ.

ಪೊರೆ ಬಂದ ಮಾತ್ರಕ್ಕೆ ಹೂವು ಬಂದ ಹಾಗಲ್ಲ. ಒಳಗೇ ಕಪ್ಪಾಗಿ ಕೂತುಬಿಡುವುದೂ ಉಂಟು. ನೀರು ಬೆಳಗ್ಗೆ ಮಾತ್ರ ಹಾಕು, ಎಲೆಗಳ ನಡುವೆ ಒಂದು ಹನಿ ನಿಂತರೂ ಬತ್ತಿ ಮಾಡಿದ ಕಾಗದದಿಂದ ಹೀರಿಸು. ಕುಂಡವನ್ನು ತಿರುಗಿಸಬೇಡ, ಮೊಗ್ಗು ಬೆಳಕಿನ ಕಡೆ ಕತ್ತು ತಿರುಗಿಸಿ ಸೊಟ್ಟಗಾಗುತ್ತದೆ. ಬಸವನಹುಳುವಿನ ಮೇಲೆ ಕಣ್ಣಿರಲಿ.

ಊರಿಗೆಲ್ಲ ಸಾರಬೇಡ. ಐದು ವರ್ಷ ಕಾದವಳಿಗೆ ಮೂರು ತಿಂಗಳು ಬಾಯಿ ಕಟ್ಟುವುದು ಕಷ್ಟವೇ? ಹೆಸರಿನ ಮಾತಂತೂ ಬೇಡವೇ ಬೇಡ. ಸಂರಿತ್ ಹೆಸರಿಡು, ಅವನಿಗೆ ಸಲ್ಲಬೇಕಾದದ್ದು. ನನಗೆ ಮಂಡಿನೋವು, ಅಷ್ಟು ದೂರ ರೈಲಿನಲ್ಲಿ ಕೂರಲಾರೆ.

ತವಿಲ್


ಚಂತಬುರಿ
ಡಿಸೆಂಬರ್ 15

ತವಿಲಣ್ಣಾ,

ನಲವತ್ತು ವರ್ಷ ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸ ಮಾಡಿದವರಿಗೆ ರೈಲಿನಲ್ಲಿ ಕೂರೋಕೆ ಆಗಲ್ವಂತೆ! ಮೀನು ಈಜೋಕೆ ಮಂಡಿನೋವು ಅಂದ ಹಾಗಾಯಿತು.

ಮೊಗ್ಗು ಪೊರೆ ಸೀಳಿಕೊಂಡು ಹೊರಗೆ ಬಂದಿದೆ, ಅಣ್ಣಾ! ದಂಟು ಹೆಬ್ಬೆರಳುದ್ದ, ಮೈತುಂಬಾ ನವಿರು ಕೂದಲು. ಮುಟ್ಟಬೇಕು ಅನಿಸುತ್ತೆ, ಮುಟ್ಟೋಕೆ ಭಯ. ದಿನಾ ಶಾವಿಗೆಯ ಒಂದೆಳೆ ಪಕ್ಕಕ್ಕೆ ಹಿಡಿದು ಉದ್ದ ಅಳೀತೀನಿ, ಆ ಎಳೆಯನ್ನು ಗೋಡೆಗೆ ಅಂಟಿಸ್ತೀನಿ. ಒಣಗಿದ ಎಳೆಗಳು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತಾ ಇವೆ. ಮೊನ್ನೆ ಬೆಳಗ್ಗೆ ಕುಂಡದ ಅಂಚಿನ ಮೇಲೆ ಬಸವನಹುಳುವಿನ ಜಾಡು ಬೆಳ್ಳಗೆ ಹೊಳೀತಿತ್ತು. ಕುಂಡದೊಳಗಿನ ಇದ್ದಿಲು, ಇಟ್ಟಿಗೆಚೂರು ಎಲ್ಲ ಕೆದಕಿ ಹಿಡಿದೆ. ಕಡಲೆಕಾಳಿನಷ್ಟಿತ್ತು ಪಾಪಿ. "ಐದು ವರ್ಷದ ತಪಸ್ಸನ್ನ ಒಂದು ತುತ್ತಿಗೆ ನುಂಗೋಕೆ ಬಂದೆಯೇನೋ" ಅಂತ ಬೈದು ಕಾಲುವೆಯಾಚೆ ಎಸೆದೆ. ಈಗ ಕುಂಡವನ್ನು ನೀರು ತುಂಬಿದ ತಟ್ಟೆಯ ನಡುವೆ ಇಟ್ಟಿದ್ದೀನಿ, ಕೋಟೆಗೆ ಕಂದಕ ತೋಡಿದ ಹಾಗೆ.

ಊರಿಗೆ ಸಾರಬೇಡ ಅಂತ ನೀವು ಬರೆಯೋ ಹೊತ್ತಿಗೆ ಸಾರಿ ಆಗಿತ್ತು. ಶಾವಿಗೆ ತಿನ್ನೋರೆಲ್ಲ ಈಗ "ತವಿಲ್ ಹೇಗಿದ್ದಾನೆ?" ಅಂತ ಕೇಳಿಯೇ ಚಮಚ ಎತ್ತೋದು.

ಹೌದು, ನಿಮ್ಮ ಬಿಳಿ ಗಿಡದ ಸಮಾಚಾರವೇ ಇಲ್ಲವಲ್ಲ? ಈ ಐದು ವರ್ಷದಲ್ಲಿ ಒಂದು ಸಾಲಾದರೂ ಬರೆದಿಲ್ಲ ನೀವು. ಎಷ್ಟು ಮರಿ ಆಯಿತು? ಒಂದು ಫೋಟೋ ಕಳಿಸಿ. ಪ್ರದರ್ಶನದಲ್ಲಿ ಹೂವಿನ ಪಕ್ಕ ಇಡ್ತೀನಿ.

ತವಿಲ್‌ನ ಕಾವಲುಗಾರ್ತಿ
ಪ್ರನೋಮ್


ಲಂಪಾಂಗ್
ಬುದ್ಧಶಕ 2535, ಜನವರಿ 2

ತಂಗಿ,

ಹೊಸವರ್ಷದ ಹಾರೈಕೆ. ಬಸ್ಸಿನವರ ಕೈಯಲ್ಲಿ ನಮ್ಮೂರ ಹುಂಜದ ಚಿತ್ರದ ಬಟ್ಟಲು ಹನ್ನೆರಡು ಕಳಿಸಿದ್ದೇನೆ. ನಡುವೆ ಹುಲ್ಲು ತುರುಕಿದ್ದೇನೆ, ನಿಧಾನವಾಗಿ ಬಿಚ್ಚು. ಅಂಗಡಿಗೆ ಆಗುತ್ತದೆ.

ಕ್ಯಾಮೆರಾ ಕೆಟ್ಟಿದೆ.

ಮೊಗ್ಗು ಬಗ್ಗುವಾಗ ದಂಟಿಗೆ ಬಿದಿರುಕಡ್ಡಿ ಕಟ್ಟು. ಬಿಗಿಯಾಗಿ ಕಟ್ಟಬೇಡ.

ತವಿಲ್


ಚಂತಬುರಿ
ಜನವರಿ 20

ತವಿಲಣ್ಣಾ,

ಬಟ್ಟಲು ಹನ್ನೊಂದು ಬಂದವು. ಹನ್ನೆರಡನೇ ಹುಂಜಕ್ಕೆ ಕತ್ತು ಮುರಿದಿತ್ತು. ಗಿರಾಕಿಗಳು ಹುಂಜದ ಬಟ್ಟಲೇ ಬೇಕು ಅಂತ ಜಗಳಕ್ಕೇ ನಿಂತಿದ್ದಾರೆ!

ಕೇಳಿ ಇಲ್ಲಿ. ಮೊಗ್ಗು ಕತ್ತು ಬಗ್ಗಿಸಿದೆ! ದಂಟು ಒಂದು ಮೊಳ. ಮೊಗ್ಗಿನ ಕೆಳಗೆ ಚೀಲದಂಥ ತುಟಿ ಉಬ್ಬುತ್ತಾ ಇದೆ, ವಟಗುಟ್ಟೋಕೆ ಮೊದಲು ಕಪ್ಪೆಯ ಗದ್ದ ಉಬ್ಬುತ್ತಲ್ಲ, ಹಾಗೇ. ಕಪ್ಪೆಗದ್ದ ಅಂತ ಹೆಸರಿಟ್ಟವನ ಬಾಯಿಗೆ ಸಕ್ಕರೆ ಹಾಕಬೇಕು. ವಿಪಾ ಟೀಚರ್ ಬಂದು ನೋಡಿ, "ಇನ್ನು ಮೂರು ವಾರದಲ್ಲಿ ಅರಳುತ್ತೆ, ಪ್ರದರ್ಶನಕ್ಕೆ ಅಳೆದ ಹಾಗೆ" ಅಂದರು. ನನಗೆ ಊಟ ಸೇರುತ್ತಾ ಇಲ್ಲ. ಅಂಗಡಿಯಲ್ಲಿ ಸಕ್ಕರೆ ಕೇಳಿದವರಿಗೆ ಉಪ್ಪು ಕೊಡ್ತಾ ಇದ್ದೀನಿ.

ಫಲಕ ಬಂತು. ಮರದ್ದು, ಎರಡು ಗೇಣು ಅಗಲ, ಚಿನ್ನದ ಬಣ್ಣದಲ್ಲಿ ನಿಮ್ಮ ಹೆಸರು. ಕೆಳಗೆ ಎರಡು ಸಾಲಿಗೆ ಜಾಗ ಬಿಟ್ಟಿದ್ದೀನಿ, ಪರಾಗ ಕೊಟ್ಟ ಗಿಡದ ಕಥೆ ಬರೆಯೋಕೆ. ಅದು ಎಲ್ಲಿಂದ ಬಂತು, ಹೇಗೆ ಸಾಕಿದಿರಿ, ಈಗ ಹೇಗಿದೆ, ನೀವೇ ಬರೆದು ಕಳಿಸಬೇಕು.

ಕ್ಯಾಮೆರಾ ಕೆಟ್ಟಿದ್ದರೆ ಯಾರದಾದರೂ ಎರವಲು ತನ್ನಿ. ಇಡೀ ಲಂಪಾಂಗಿಗೆ ಒಂದೇ ಕ್ಯಾಮೆರಾವೇ?

ಕಾಯುತ್ತಿರೋ
ಪ್ರನೋಮ್


ಲಂಪಾಂಗ್
ಜನವರಿ 27

ಪ್ರನೋಮ್,

ಇದನ್ನು ಕೂತು ಓದು. ಅಂಗಡಿಯಲ್ಲಿ ಓದಬೇಡ.

ನಿನಗೆ ಕಳಿಸಿದ ಪರಾಗ ಬಿಳಿ ಗಿಡದ್ದಲ್ಲ.

ಆ ವರ್ಷ ನಿನ್ನ ಕಾಗದ ಬಂದಾಗ ನನ್ನ ಬಿಳಿ ಗಿಡದಲ್ಲಿ ಮೊಗ್ಗಿತ್ತು, ಇನ್ನೊಂದು ವಾರಕ್ಕೆ ಅರಳುವುದಿತ್ತು. ಚಿಯಾಂಗ್‌ಮಾಯಿ ಪ್ರದರ್ಶನಕ್ಕೆ ಒಯ್ಯಬೇಕು ಅಂತ ನನಗೆ ಹುಚ್ಚು ಹಿಡಿದಿತ್ತು. ಎಲೆಗೆ ಬಿಯರ್ ಒರೆಸುವವರನ್ನು, ಬಾಳೆಸಿಪ್ಪೆ ಉಜ್ಜುವವರನ್ನು ನಾನು ಎಷ್ಟು ಬೈದಿದ್ದೇನೆ, ನಿನಗೇ ಗೊತ್ತು. ನಿನಗೂ ಒಂದು ಸಲ ಎಲ್ಲರೆದುರು ಬೈದಿದ್ದೆ, ನೀನು ಅತ್ತಿದ್ದೆ. ಅಂಥವನು ಕದ್ದು ಮುಚ್ಚಿ, ಎಲೆ ಹೊಳೆಯಲಿ ಅಂತ ಮೂರು ದಿನ ತೆಂಗಿನಹಾಲು ಒರೆಸಿದೆ. ಹಾಲು ಎಲೆಗಳ ನಡುವೆ ಇಳಿದು ಹುಳಿಯಿತು. ನಾಲ್ಕನೇ ದಿನ ಇರುವೆ ಮುತ್ತಿದ್ದವು. ಆರನೇ ದಿನ ಮೊಗ್ಗು ಹಿಡಿದೆ, ಗಿಡದ ನಡುವಿನ ಸುಳಿಯೇ ಕೈಗೆ ಕಿತ್ತು ಬಂತು. ಕೊಳೆತ ವಾಸನೆ. ಹದಿನಾರು ವರ್ಷ ಸಾಕಿದ ಗಿಡ, ಪ್ರನೋಮ್.

ನಿನಗೆ ಹೇಗೆ ಬರೆಯಲಿ? ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಅಂತ ನೀನು ನಗುತ್ತೀಯ ಅಂತ ನಾಚಿಕೆಯಾಯಿತು. ಪಕ್ಕದ ಕುಂಡದಲ್ಲಿ ಸಾಮಾನ್ಯ ಕೆಂಪು ಕಪ್ಪೆಗದ್ದ ಅರಳಿತ್ತು. ಬಿಳಿಯದೂ ಅದೂ ಒಂದೇ ಗುಡ್ಡದಿಂದ ಒಂದೇ ಚೀಲದಲ್ಲಿ ಬಂದವು. ಅದರ ಪರಾಗ ತೆಗೆದು ಕೊಳವೆಗೆ ತುಂಬಿ ಕಳಿಸಿಬಿಟ್ಟೆ. ನಿನ್ನ ಗಿಡದಲ್ಲಿ ಕಾಯಿ ನಿಲ್ಲುವುದಿಲ್ಲ, ಎರಡು ಸಲ ಬಿದ್ದಿದೆ, ಮೂರನೆಯದೂ ಬೀಳುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ ಅಂದುಕೊಂಡೆ. ಆದರೆ ಕಾಯಿ ನಿಂತಿತು! ಬೀಜ ಮೊಳೆಯಿತು! ನಿನ್ನ ಒಂದೊಂದು ಸಂಭ್ರಮದ ಕಾಗದ ಬಂದಾಗಲೂ ನಿಜ ಹೇಳುವುದು ಇನ್ನಷ್ಟು ಕಷ್ಟವಾಯಿತು. ಸಂರಿತ್ ತೀರಿಕೊಂಡ ಮೇಲಂತೂ ಬಾಯೇ ಬರಲಿಲ್ಲ. ನಿನ್ನ ಮುಖ ನೋಡಬೇಕಾಗುತ್ತದೆ ಅಂತ ಅವನ ಚಿತೆಗೂ ಬರಲಿಲ್ಲ. ಅದು ಎಲ್ಲಕ್ಕಿಂತ ದೊಡ್ಡ ತಪ್ಪು.

ನಿನ್ನ ಹೂವು ಕೆಂಪಗೇ ಅರಳುತ್ತದೆ. ಜನರೆದುರು ನಿನಗೆ ಅವಮಾನವಾಗುವ ಮೊದಲು ಆ ಫಲಕವನ್ನು ಒಲೆಗೆ ಹಾಕು. ಇನ್ನು ಕಾಗದ ಬರೆಯದಿದ್ದರೂ ನಾನು ಯಾಕೆ ಅಂತ ಕೇಳುವುದಿಲ್ಲ.

ತವಿಲ್


ಚಂತಬುರಿ
ಫೆಬ್ರವರಿ 1

ತವಿಲಣ್ಣಾ,

ಅಂತೂ ಉಗುಳಿದಿರಲ್ಲ! ಐದು ವರ್ಷ ಹಿಡಿಯಿತು. ಕಪ್ಪೆಗದ್ದಕ್ಕಿಂತ ನೀವೇ ನಿಧಾನ.

ನನಗೆ ಗೊತ್ತಿತ್ತು ಅಣ್ಣ. ಸಸಿಗಳು ಬಾಟಲಿಯಿಂದ ಹೊರಗೆ ಬಂದ ಎಂಟನೇ ತಿಂಗಳಿಗೇ ಗೊತ್ತಾಯಿತು.

ಮರೆತಿರಾ? ಬಹಳ ಹಿಂದೆ, ಸೋಯ್ ದಾವ್ ಬೆಟ್ಟದ ಬುಡದ ಸಂತೆಯಲ್ಲಿ, ಬೆಟ್ಟದವರು ಹೂವಿಲ್ಲದ ಗಿಡಗಳನ್ನು ರಾಶಿ ಹಾಕಿ ಮಾರುತ್ತಿದ್ದರು. ಇದರಲ್ಲಿ ಬಿಳಿ ಯಾವುದು ಅಂತ ಹೇಗೆ ಹೇಳ್ತೀರಿ ಅಂತ ಕೇಳಿದ್ದೆ. ನೀವು ಒಂದು ಎಲೆ ತಿರುಗಿಸಿ ತೋರಿಸಿದಿರಿ. "ಬುಡ ನೋಡು. ಬುಡದಲ್ಲಿ ನೇರಳೆ ಚುಕ್ಕೆ ಇದ್ದರೆ ಹೂವಲ್ಲಿ ಕೆಂಪು ಇದ್ದೇ ಇರುತ್ತೆ. ಬುಡ ಬರೀ ಹಸಿರಾಗಿದ್ದರೆ ಬಿಳಿ. ಮುಖ ಸುಳ್ಳು ಹೇಳಬಹುದು, ಬುಡ ಹೇಳಲ್ಲ" ಅಂದಿರಿ. ಹೇಳಿಕೊಟ್ಟ ಗುರುವೇ ಮರೆತರೆ ಶಿಷ್ಯೆ ಏನು ಮಾಡಬೇಕು?

ಬಿಳಿಗೆ ಬಿಳಿ ಸೇರಿದರೆ ಒಂದು ಸಸಿಯಲ್ಲೂ ನೇರಳೆ ಬರಬಾರದು. ಬಂತು. ಹದಿನಾಲ್ಕು ಸಸಿಯ ಬುಡದಲ್ಲಿ ನೇರಳೆ! ಆವತ್ತು ನಾನು ಕೋಪದಲ್ಲಿ ಕುದ್ದುಹೋದೆ. ಮೂರು ಕಾಗದ ಬರೆದೆ, ಮೂರನ್ನೂ ಹರಿದೆ. ಆಮೇಲೆ ಒಂದು ವಿಷಯ ತಲೆಗೆ ಬಂತು. ಆ ವರ್ಷ ನೀವು ನಿಜ ಹೇಳಿದ್ದರೆ ಕಾಯಿಯೇ ಇರುತ್ತಿರಲಿಲ್ಲ. ಸಂರಿತ್ ಹೋದ ಮೇಲೆ ಬೆಳಗ್ಗೆ ಹಾಸಿಗೆಯಿಂದ ಎದ್ದೇಳೋಕೆ ನನಗೆ ಬೇರೆ ಯಾವ ಕಾರಣವೂ ಇರಲಿಲ್ಲ ಅಣ್ಣ. ಆ ಕಾಯಿ ನೋಡಬೇಕು ಅಂತ ಏಳುತ್ತಿದ್ದೆ. ನಿಮ್ಮ ಸುಳ್ಳೇ ನನ್ನನ್ನು ಎಬ್ಬಿಸಿದ್ದು. ಹಾಗಂತ ಬಿಟ್ಟುಬಿಡೋಕಾಗುತ್ತಾ? ಚಿತೆಗೆ ನೀವು ಬರದೇ ಇದ್ದದ್ದು ಇವತ್ತಿಗೂ ನನಗೆ ನೋವೇ. ನೀವೇ ಬಾಯಿಬಿಟ್ಟು ಹೇಳಬೇಕು ಅಂತ ಕಾದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ತೀರೇನೋ ಅಂತ ಒಂದೊಂದು ಕಾಗದದಲ್ಲೂ ಚುಚ್ಚಿದೆ. ಫೋಟೋ ಕೇಳಿದೆ, ಫಲಕ ಬರೆಸಿದೆ. ಹೂವು ಬಿಳಿಯಾಗುತ್ತೆ ಅಂತ ಎಲ್ಲಾದರೂ ಬರೆದಿದ್ದೀನಾ? ತೆಗೆದು ಓದಿ.

ಈಗ ನಿಮಗೆ ಗೊತ್ತಿಲ್ಲದ ವಿಷಯ. ಗಟ್ಟಿಯಾಗಿ ಕೂತುಕೊಳ್ಳಿ.

ಹದಿನಾಲ್ಕು ನೇರಳೆ ಅಂದೆನಲ್ಲ. ಉಳಿದ ಹದಿನೇಳರ ಬುಡ ಬಾಳೆಯ ಎಳೆಎಲೆಯ ಹಾಗೆ ಹಸಿರೋ ಹಸಿರು! ಒಂದು ಚುಕ್ಕೆ ಇಲ್ಲ! ಕೆಂಪು ಗಿಡದ ಪರಾಗವಾದರೆ ಎಲ್ಲದರ ಬುಡವೂ ನೇರಳೆ ಆಗಬೇಕಿತ್ತಲ್ಲ, ಇದು ಹೇಗೆ ಅಂತ ಮೂರು ವರ್ಷ ತಲೆ ಕೆಡಿಸಿಕೊಂಡೆ. ನಿನ್ನೆ ನಿಮ್ಮ ಕಾಗದ ಓದಿದಾಗ ಒಂದೇ ಏಟಿಗೆ ಹೊಳೆಯಿತು. ಒಂದೇ ಗುಡ್ಡ, ಒಂದೇ ಚೀಲ! ಆ ಪಕ್ಕದ ಕುಂಡದ್ದು ನಿಮ್ಮ ಬಿಳಿಯ ಒಡಹುಟ್ಟಿದ್ದು, ಅಣ್ಣ! ಮೇಲೆ ಕೆಂಪು, ಹೊಟ್ಟೆಯಲ್ಲಿ ಬಿಳಿ ಬಚ್ಚಿಟ್ಟುಕೊಂಡಿದೆ. ವಿಪಾ ಟೀಚರನ್ನು ಕೇಳಿದೆ, ಹೌದು ಅಂದರು. ನಿಮ್ಮ ಬಿಳಿ ಪೂರ್ತಿ ಸತ್ತಿಲ್ಲ!

ಆ ಕುಂಡ ಇದೆಯಾ? ಎಸೆದಿಲ್ಲ ತಾನೇ? ಎಸೆದಿದ್ದರೆ ಲಂಪಾಂಗಿಗೆ ಬಂದು ನಿಮ್ಮನ್ನೇ ಎಸೀತೀನಿ.

ಇನ್ನು ನಿಮ್ಮ ಶಿಕ್ಷೆ. ಈಗ ಮೊಗ್ಗು ಬಿಟ್ಟಿರೋ ಹನ್ನೊಂದನೇ ಕುಂಡ ನೇರಳೆ ಬುಡದ್ದು. ಕೆಂಪಗೆ ಅರಳುತ್ತೆ. 'ತವಿಲ್' ಅಂದರೆ ಅದೇ, ಮೊದಲಿನಿಂದಲೂ. ಬಿಳಿಯವಕ್ಕೆಲ್ಲ 'ಸಂರಿತ್' ಅಂತ ಯಾವತ್ತೋ ಹೆಸರಿಟ್ಟಾಗಿದೆ. ನೀವು ಬಂದು ನಿಮ್ಮ ಹೂವಿನ ಪಕ್ಕ ಮೂರು ದಿನ ನಿಲ್ಲಬೇಕು. ಬಿಳಿ ತಾಯಿಗೆ ಕೆಂಪು ಮಗು ಹೇಗೆ ಅಂತ ಕೇಳಿದವರಿಗೆಲ್ಲ ತೆಂಗಿನಹಾಲಿನಿಂದ ಶುರು ಮಾಡಿ ಕಥೆ ಹೇಳಬೇಕು. ಒಂದು ಅಕ್ಷರ ಬಿಡೋ ಹಾಗಿಲ್ಲ.

ಪ್ರನೋಮ್


ಲಂಪಾಂಗ್
ಫೆಬ್ರವರಿ 6

ಪ್ರನೋಮ್,

ಇದೆ! ಕುಂಡ ಇದೆ!

ನಿನ್ನ ಕಾಗದ ಅರ್ಧ ಓದಿ ಚಪ್ಪಲಿಯೂ ಇಲ್ಲದೆ ಹಿತ್ತಲಿಗೆ ಓಡಿದೆ. ಮಂಡಿ ಎಲ್ಲಿ ಹೋಯಿತೋ! ಆ ಕುಂಡದ ಮುಖ ನೋಡಲಾರದೆ ಐದು ವರ್ಷದ ಹಿಂದೆಯೇ ಅದನ್ನು ಬೆಂಚಿನ ಕೆಳಗೆ ತಳ್ಳಿದ್ದೆ. ಮೇಲಿನ ಕುಂಡಗಳಿಂದ ತೊಟ್ಟಿಕ್ಕಿದ ನೀರೇ ಅದಕ್ಕೆ ಗತಿ. ಹೊಟ್ಟೆ ಮೇಲೆ ಮಲಗಿ ಎಳೆದೆ. ಕುಂಡ ಒಡೆದಿದೆ, ಪಾಚಿ ಹಿಡಿದಿದೆ, ಆದರೆ ಏಳು ಮರಿ ಹಾಕಿಕೊಂಡು ಗುಂಪಾಗಿ ಕೂತಿದೆ! ಮುದ್ದು ಮಾಡಿದ್ದನ್ನು ಕೊಂದೆ, ಕಣ್ಣೆತ್ತಿ ನೋಡದ್ದು ಸಂಸಾರ ಕಟ್ಟಿಕೊಂಡಿದೆ. ಅಲ್ಲೇ ನೆಲದ ಮೇಲೆ ಕೂತು ಅತ್ತೆ, ನಕ್ಕೆ. ನನ್ನವಳು ಬಾಗಿಲಲ್ಲಿ ನಿಂತು, "ಇವರಿಗೇನು ಗಾಳಿ ಮೆಟ್ಟಿತೇ?" ಅಂದಳು.

ಎರಡು ಮರಿ ನಿನಗೆ ಬೇರೆ ಮಾಡಿದ್ದೇನೆ. 13ರ ರೈಲಿಗೆ ಟಿಕೆಟ್ ಆಗಿದೆ. ಕಥೆ ಹೇಳುತ್ತೇನೆ, ಒಂದು ಅಕ್ಷರವೂ ಬಿಡುವುದಿಲ್ಲ. ಮೊದಲು ಸಂರಿತ್‌ನ ಅಸ್ಥಿ ಇಟ್ಟಿರುವ ದೇವಸ್ಥಾನಕ್ಕೆ ಕರೆದುಕೊಂಡು ಹೋಗು. ಕಥೆ ಅವನಿಗೆ ಮೊದಲು ಹೇಳಬೇಕು.

ನಿನ್ನ ಅಣ್ಣ
ತವಿಲ್


ಲಂಪಾಂಗ್
ಫೆಬ್ರವರಿ 23

ತಂಗಿ ಪ್ರನೋಮ್,

ಸುಖವಾಗಿ ಊರು ಸೇರಿದೆ. ಗಂಟಲು ಬಿದ್ದಿದೆ. ಮೂರು ದಿನಕ್ಕೆ ಎಷ್ಟು ಸಲ ಹೇಳಿದೆನೋ! ಮೊದಲ ದಿನ ನೆಲ ಬಾಯಿಬಿಡಬಾರದೇ ಅನಿಸಿತ್ತು. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಇರುವೆ ಬಂದ ಜಾಗದಲ್ಲಿ ಜನ ನಗಲಿ ಅಂತ ನಾನೇ ಸ್ವಲ್ಪ ನಿಲ್ಲಿಸಿ ಹೇಳತೊಡಗಿದೆ, ನೀನು ಗಮನಿಸಿದೆ ಅಂತ ಕಾಣುತ್ತದೆ. ತ್ರಾತ್ ಊರಿನ ಆ ದಪ್ಪ ಮನುಷ್ಯ ನನ್ನನ್ನು ಮರೆಗೆ ಕರೆದು, ತಾನು ಈಗಲೂ ಬಿಯರ್ ಒರೆಸುತ್ತೇನೆ ಅಂತ ಒಪ್ಪಿಕೊಂಡ. ಅವನನ್ನು ಬೈಯಲಿಲ್ಲ. ಸುಳಿಗೆ ಮಾತ್ರ ತಾಗಿಸಬೇಡಪ್ಪ ಅಂದೆ.

'ತವಿಲ್'ಗೆ ಬಹುಮಾನ ಬರಲಿಲ್ಲ, ಹೋಗಲಿ. ಎಂಥ ಕೆಂಪು ಅದು! ಹೂವಿನ ಹಿಂಬದಿಯ ಆ ಅಗಲ ಬೆನ್ನೆಸಳಿನ ಗೆರೆಗಳು ಮೇಲಿನತನಕ ಓಡಿವೆ. ಸುಳ್ಳಿಗೆ ಹುಟ್ಟಿದ್ದಾದರೂ ನೆಟ್ಟಗೆ ನಿಂತಿತ್ತು.

ಇನ್ನೊಂದು ಸುದ್ದಿ, ಎದೆ ಗಟ್ಟಿ ಮಾಡಿಕೋ. ಬೆಂಚಿನ ಕೆಳಗಿನ ಗಿಡದಲ್ಲಿ ಮೊಗ್ಗು! ಪೊರೆ ಸೀಳಿ ಹೊರಗೇ ಬಂದಿದೆ! ಅದರ ಹೂವಿಗೆ ಹಾಕಲು ನನ್ನ ಬಳಿ ಬಿಳಿಯ ಪರಾಗ ಇಲ್ಲ. ನಿನ್ನ ಹದಿನೇಳರಲ್ಲಿ ಯಾವುದಾದರೂ ಅರಳಿದರೆ, ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ತವಿಲ್


ಚಂತಬುರಿ
ಏಪ್ರಿಲ್ 3

ತವಿಲಣ್ಣಾ,

ಅರಳಿತು!!

ಇಪ್ಪತ್ತಾರನೇ ಕುಂಡ. ಮೊನ್ನೆ ಬೆಳಗ್ಗೆ ಹಲ್ಲುಜ್ಜುತ್ತಾ ಹೋದವಳು ಬ್ರಷ್ಷನ್ನು ಬಾಯಲ್ಲೇ ಕಚ್ಚಿಕೊಂಡು ನಿಂತುಬಿಟ್ಟೆ. ಬೆನ್ನೆಸಳು ಬೆಳ್ಳಗೆ, ಅದರಲ್ಲಿ ಎಳೆ ಹಸಿರು ಗೆರೆ, ಗದ್ದ ಎಳೆ ಸೌತೆಕಾಯಿಯ ಬಣ್ಣ. ಕೆಂಪಿನ ಹೆಸರೇ ಇಲ್ಲ. ಸಂರಿತ್ ಅವರ ಫೋಟೋ ತಂದು ಎದುರಿಗೆ ಹಿಡಿದು, "ನೋಡ್ರೀ, ಮೂಗಿನ ಔಷಧಿ!" ಅಂದೆ. ಅಳು ಬಂತು, ಅತ್ತೆ.

ಈ ಕಾಗದದೊಳಗೆ ಕೊಳವೆಯ ತುಂಡು ಇದೆ, ಹತ್ತಿ ನಿಧಾನವಾಗಿ ತೆಗೀರಿ. ಮನೆಯಲ್ಲಿ ತೆಂಗಿನಹಾಲು ಇದ್ದರೆ ಮೊದಲು ಅದನ್ನು ಕುಡಿದು ಖಾಲಿ ಮಾಡಿ.

ಇದು ಬಿಳಿಯ ಪರಾಗ ಅಂತ ನಾನು ಬರೀತಾ ಇದ್ದೀನಿ. ನಿಜವೋ ಸುಳ್ಳೋ ಅಂತ ಹುಟ್ಟೋ ಸಸಿಗಳ ಎಲೆ ತಿರುಗಿಸಿ ಬುಡ ನೋಡೋಕೆ ನಿಮಗೆ ಎರಡೂವರೆ ವರ್ಷ ಬೇಕು. ಅಲ್ಲಿಯತನಕ ನನ್ನನ್ನು ನಂಬಿಕೊಂಡೇ ಬೆಳಗ್ಗೆ ಎದ್ದೇಳಿ, ನಾನು ಎದ್ದ ಹಾಗೆ.

ನಿಮ್ಮ ತಂಗಿ
ಪ್ರನೋಮ್